ಗಡಿಕಲ್ಲಿನ ಅಡಿಯ ನಾಣ್ಯ

"ಗುರುಗಳೇ, ನನಗೆ ತಲೆಬುಡ ತಿಳಿಯುತ್ತಿಲ್ಲ" ಎಂದ ಶಿಷ್ಯ. "ಮನಸ್ಸಿನ ಕೆಟ್ಟ ದನಿಗಳನ್ನೆಲ್ಲ ಅಡಗಿಸಿ ಧ್ಯಾನಕ್ಕೆ ಕೂರುತ್ತೇನೆ. ಒಳ್ಳೆಯ ದನಿಗಳಷ್ಟೇ ಉಳಿದಿವೆ. ಆದರೂ ಯಾವುದನ್ನು ಹಿಡಿದು ಹೋದರೂ ಕೈಗೆ ಸಿಗುವುದು ಪೊಳ್ಳು. ಯಾಕೆ ಹೀಗೆ?"

ಗುರು ನಕ್ಕರು. ನಿನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದ ಇಬ್ಬರು ರೈತರಿದ್ದರು, ಕೇಳು ಎಂದರು.

ಅವರು ಅಣ್ಣತಮ್ಮಂದಿರು. ಹಳ್ಳದ ನೆರೆಗೆ ಇಬ್ಬರ ಹೊಲದ ನಡುವಿನ ಗಡಿಕಲ್ಲು ಕೊಚ್ಚಿಹೋಯಿತು. ಕಲ್ಲು ಇಲ್ಲಿತ್ತು ಎಂದು ಒಬ್ಬ, ಅಲ್ಲಿತ್ತು ಎಂದು ಇನ್ನೊಬ್ಬ. ಮಾತಿಗೆ ಮಾತು ಬೆಳೆದು ಕೊನೆಗೆ ಮಾತೇ ನಿಂತಿತು. ಸಾಕ್ಷಿ ಒಂದೇ ಉಳಿದಿತ್ತು. ಕಲ್ಲು ನೆಡುವಾಗ ಅಜ್ಜ ಕೆಳಗೊಂದು ಬೆಳ್ಳಿ ನಾಣ್ಯ ಇಟ್ಟು, ಕೆಟ್ಟ ಗಾಳಿ ಸೋಕದಿರಲೆಂದು ಅದರ ಮೇಲೆ ನೇಗಿಲಿನ ಕಬ್ಬಿಣದ ಕುಳ ಮುಚ್ಚಿದ್ದ. ಚಿಕ್ಕವರಿದ್ದಾಗ ಇಬ್ಬರೂ ಅದನ್ನು ಕಣ್ಣಾರೆ ಕಂಡಿದ್ದರು. ನಾಣ್ಯ ಸಿಕ್ಕಲ್ಲಿ ಕಲ್ಲು ನೆಟ್ಟು, ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂದು ಊರ ಹಿರಿಯರು ಒಪ್ಪಿಸಿದರು.

ಲೋಹ ಹುಡುಕುವ ಯಂತ್ರದವನು ಬಂದ. ಯಂತ್ರ ನಾಣ್ಯವನ್ನು ನೋಡುವುದಿಲ್ಲ ಎಂದು ಮೊದಲೇ ಹೇಳಿದ. ಅದು ನೆಲದೊಳಕ್ಕೆ ಕರೆ ಕಳಿಸುತ್ತದೆ, ಲೋಹ ಓಗೊಡುತ್ತದೆ. ಬೆಳ್ಳಿಯದು ಸಣ್ಣ ದನಿ, ಕಬ್ಬಿಣದ್ದು ಗೊಗ್ಗರು ದನಿ. ಹಳೆಯದೋ ಹೊಸದೋ ಅದಕ್ಕೆ ತಿಳಿಯದು.

ಯಂತ್ರ ಹೆಜ್ಜೆಹೆಜ್ಜೆಗೂ ಗುರುಗುಟ್ಟಿತು. ನೆಲದ ತುಂಬ ಎತ್ತಿನ ಲಾಳ, ಮೊಳೆ. ಇಬ್ಬರಿಗೂ ತಲೆ ಚಿಟ್ಟುಹಿಡಿಯಿತು.

"ಕಬ್ಬಿಣದ ಗೊಡವೆ ನಮಗ್ಯಾಕೆ? ಅದರ ಬಾಯಿ ಮುಚ್ಚಿಸಪ್ಪ, ಬೆಳ್ಳಿ ಒಂದೇ ಕೇಳಲಿ" ಎಂದ ಅಣ್ಣ.

ತಮ್ಮನೂ ಹೂಂಗುಟ್ಟಿದ. ಬಹಳ ದಿನದ ಮೇಲೆ ಇಬ್ಬರೂ ತಾವಾಗಿಯೇ ಒಪ್ಪಿದ ಮಾತು ಅದೊಂದೇ.

ಯಂತ್ರದವನು ಗುಂಡಿ ತಿರುಗಿಸಿ ಕಬ್ಬಿಣದ ದನಿ ಅಡಗಿಸಿದ. ಸಣ್ಣ ದನಿ ಕೇಳಿದಲ್ಲೆಲ್ಲ ಅಗೆದರು. ಸಿಕ್ಕಿದ್ದು ಅಲ್ಯೂಮಿನಿಯಂನ ಬಾಟಲಿ ಮುಚ್ಚಳ, ಲೋಟದ ಚೂರು; ಅದರದೂ ಸಣ್ಣ ದನಿಯೇ. ಬೆಳ್ಳಿ ಎಂದು ಕೂಗಿ ಮುಚ್ಚಳ ಕೊಡುತ್ತದಲ್ಲ, ಇದೆಂಥ ಯಂತ್ರ ಎಂದು ಕಂಗಾಲಾದರು. ಆಮೇಲೆ ಅನುಮಾನ ಒಬ್ಬರ ಮೇಲೊಬ್ಬರಿಗೆ ತಿರುಗಿತು. ನಾಣ್ಯ ಕದ್ದವನು ನೀನೇ ಎಂದು ಅವನು, ನೀನೇ ಎಂದು ಇವನು. ಅಂದಿನಿಂದ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಲಿಲ್ಲ.

ಅಣ್ಣ ತೀರಿಕೊಂಡ ವರ್ಷ ತಮ್ಮನ ನೇಗಿಲು ಒಂದು ತುಕ್ಕು ಕುಳಕ್ಕೆ ತಾಗಿತು. ಅದರ ಅಡಿಯಲ್ಲೇ ನಾಣ್ಯವಿತ್ತು. ಅಂದು ಯಂತ್ರ ಹಿಡಿದು ಆ ಜಾಗದ ಮೇಲೆಯೇ ಓಡಾಡಿದ್ದರು; ಬಾಯಿ ಮುಚ್ಚಿಸಿದ ಕುಳದ ಜೊತೆ ಅದರಡಿಯ ನಾಣ್ಯದ ದನಿಯೂ ಅಡಗಿತ್ತು. ತಮ್ಮ ನಾಣ್ಯ ಹಿಡಿದು ಅಣ್ಣನ ಮನೆ ಬಾಗಿಲ ತನಕ ಹೋದ. ಯಾರಿಗೆ ತೋರಿಸುವುದೆಂದು ತಿಳಿಯದೆ ಅಲ್ಲೇ ನಿಂತ.

ಗುರು ಶಿಷ್ಯನ ಕಡೆ ತಿರುಗಿದರು.

"ಕೆಟ್ಟ ದನಿಗಳನ್ನೆಲ್ಲ ಅಡಗಿಸಿದೆ ಎಂದೆಯಲ್ಲ, ನೀನು ಮೊದಲು ಅಡಗಿಸಿದ ಗೊಗ್ಗರು ದನಿ ಯಾರ ಹೆಸರು ಹೇಳುತ್ತಿತ್ತು?"