ಬಂಡೆಯ ಮೇಲಿನ ಕಲ್ಲು

ದೂರದ ದಾರಿಗೆ ಹೊರಡುವವನು ಯಾವುದನ್ನು ಮರೆಯಬಾರದು ಎಂದು ಶಿಷ್ಯ ಮುದ್ದಪ್ಪ ಗುರುಗಳನ್ನು ಕೇಳಿದ.

ಮುದ್ದಪ್ಪ ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಬಂದಾಗ ಅವನ ಗಂಟಿನಲ್ಲಿ ಸೂಜಿ ದಾರವೂ ಇತ್ತು, ಅವಲಕ್ಕಿಯೂ ಇತ್ತು. ಅವಲಕ್ಕಿಯನ್ನು ಪರೀಕ್ಷೆ ಮಾಡುತ್ತೇನೆಂದು ತೆಗೆದುಕೊಂಡ ಗುರುಗಳು ಇನ್ನೂ ವಾಪಸು ಕೊಟ್ಟಿರಲಿಲ್ಲ. ಅವನನ್ನು ನೋಡಲು ಮನೆಯ ಕಡೆಯಿಂದ ಯಾರೂ ಬಂದಿರಲಿಲ್ಲ.

ಗುರುಗಳು ಕತೆ ಶುರುಮಾಡಿದರು. ಇದು ನಾನು ಕಣ್ಣಾರೆ ಕಂಡದ್ದು ಎಂದರು. ಸ್ವಲ್ಪ ಯೋಚಿಸಿ, ಮುತ್ತಜ್ಜನ ಕಾಲದ್ದು ಎಂದರು.

ಒಬ್ಬ ರಾಜ ಬೆಟ್ಟಸೀಮೆಯ ಕಾಡೊಂದನ್ನು ಕಾಯ್ದಿರಿಸಿದ್ದ. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ. ನಡೆದು ನೋಡಬಹುದು, ಅಷ್ಟೆ. ಕಾಡಿನ ನಡುವೆ ಉದ್ದನೆಯ ಕೊಳ್ಳ. ಎರಡೂ ಬದಿಗೆ ಗೋಡೆಯಂಥ ಬಂಡೆ, ತಳದಲ್ಲಿ ಹಳ್ಳ. ಕೊಳ್ಳದ ಬಾಯಲ್ಲಿ ಒಬ್ಬ ಕಾವಲುಗಾರನಿದ್ದ. ಒಳಗೆ ಹೋಗುವವರು ಅವನ ಮುಂದಿನ ಚಪ್ಪಟೆ ಬಂಡೆಯ ಮೇಲೆ ಒಂದು ಕಲ್ಲಿಟ್ಟು, ಎಂದು ಬರುತ್ತೇವೆಂದು ಹೇಳಿ ಹೋಗಬೇಕು. ಬಂದ ಮೇಲೆ ತಮ್ಮ ಕಲ್ಲನ್ನು ತಾವೇ ತೆಗೆದು ಹಳ್ಳಕ್ಕೆ ಎಸೆಯಬೇಕು. ಹೇಳಿದ ದಿನ ದಾಟಿಯೂ ಕಲ್ಲು ಉಳಿದಿದ್ದರೆ ಕಾವಲುಗಾರ ಹುಡುಕಿಕೊಂಡು ಹೋಗುತ್ತಿದ್ದ.

ಈ ಕೊಳ್ಳದ ಕೊನೆಯಲ್ಲಿ ಏನಿದೆ ಎಂಬ ಕುತೂಹಲ ಒಬ್ಬ ವ್ಯಾಪಾರಿಗೆ ಹತ್ತಿತು. ಒಂದು ವರ್ಷ ಅವನು ಕಂಡಕಂಡವರನ್ನು ವಿಚಾರಿಸಿದ. ಕುಡಿಯುವ ನೀರು ಎಲ್ಲೆಲ್ಲಿ ಸಿಗುತ್ತದೆಂದು ಜೇನು ಕೀಳುವವನನ್ನು ಕೇಳಿದ. ಯಾವ ದಂಡೆಯಲ್ಲಿ ಕಾಲು ಜಾರುತ್ತದೆಂದು ಕುರುಬನನ್ನು ಕೇಳಿದ. ಸೌದೆ ಆಯುವ ಮುದುಕಿಯೊಬ್ಬಳು, ಹಳ್ಳದಲ್ಲಿ ತರಗೆಲೆ ತೇಲಿಬಂದರೆ ಮೇಲೆ ಮಳೆಯಾಗಿದೆ ಅಂತ ತಿಳಿ, ತಕ್ಷಣ ಎತ್ತರಕ್ಕೆ ಹತ್ತು ಎಂದಳು. ಎಷ್ಟೆತ್ತರಕ್ಕೆ, ಎಂಥ ಎಲೆ, ಎಷ್ಟು ಎಲೆ ಎಂದು ಅವನು ಬೆನ್ನು ಬಿಡಲಿಲ್ಲ. ನನ್ನ ಮದುವೆಗೂ ಯಾರೂ ಇಷ್ಟು ವಿಚಾರಿಸಲಿಲ್ಲಪ್ಪ ಎಂದು ಮುದುಕಿ ಸೌದೆ ಹೊತ್ತು ಹೋದಳು.

ವ್ಯಾಪಾರಿ ಬಂಡೆಯ ಮೇಲೆ ಕಲ್ಲಿಟ್ಟ. ಐದನೆಯ ದಿನ ಬರುತ್ತೇನೆಂದು ಹೇಳಿ ಒಳಗೆ ನಡೆದ.

ಕೊನೆಯಲ್ಲಿ ಏನಿತ್ತು ಎಂದು ಮುದ್ದಪ್ಪ ನಡುವೆಯೇ ಕೇಳಿದ. ಹೋದ ಸಲ ಹೇಳುವಾಗ ಜಲಪಾತ ಇಟ್ಟಿದ್ದೆ, ಅದು ಸುಳ್ಳು ಎಂದು ಗುರುಗಳು ಒಪ್ಪಿಕೊಂಡರು.

ಇದ್ದದ್ದು ಒಂದು ಕಾಲುದಾರಿ. ವ್ಯಾಪಾರಿ ಮೂರನೆಯ ದಿನ ಅದನ್ನು ಹತ್ತಿ ನೋಡಿದರೆ ಎದುರಿಗೆ ಅವನ ಊರೇ ಕಾಣುತ್ತಿತ್ತು. ಮತ್ತೆ ಯಾಕೆ ಅಷ್ಟು ದೂರ ಹಿಂದಕ್ಕೆ ನಡೆಯಬೇಕು? ಅವನು ಹಾಗೇ ಇಳಿದು ಮನೆ ಸೇರಿದ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ತಾನು ಹಾಕಿದ ಲೆಕ್ಕ ಎಷ್ಟು ಚೊಕ್ಕವಾಗಿತ್ತೆಂದರೆ ಎರಡು ದಿನದ ಬುತ್ತಿಯೇ ಉಳಿಯಿತು ಎಂದು ಬಂದವರಿಗೆಲ್ಲ ಹೇಳಿದ.

ಆರನೆಯ ದಿನ ಬೆಳಗ್ಗೆ ಕಾವಲುಗಾರ ಹಗ್ಗ ಹೆಗಲಿಗೆ ಹಾಕಿಕೊಂಡ. ಮೇಲಿನ ಬೆಟ್ಟ ಕಪ್ಪಾಗಿತ್ತು. ಹಳ್ಳದಲ್ಲಿ ತರಗೆಲೆ ಬರುತ್ತಿದೆ, ಇವತ್ತೊಂದು ದಿನ ಹೋಗಬೇಡಿ ಎಂದು ಹೆಂಡತಿ ತಡೆದಳು.

"ಅವರ ಕಲ್ಲು ಇಲ್ಲೇ ಇದೆಯಲ್ಲೇ" ಎಂದ ಅವನು. ಪಕ್ಕದಲ್ಲಿ ತನ್ನದೊಂದು ಕಲ್ಲಿಟ್ಟು ಹೋದ.

ಒಂದು ತಿಂಗಳ ಮೇಲೆ ವ್ಯಾಪಾರಿಗೆ ಕಾವಲುಗಾರನ ನೆನಪಾಯಿತು. ಆಚೆ ಬದಿಯ ಕಾಲುದಾರಿಯ ಸುದ್ದಿ ಹೇಳಿ ಬೆರಗುಗೊಳಿಸೋಣವೆಂದು ಒಂದು ಅಚ್ಚು ಬೆಲ್ಲ ಹಿಡಿದು ಬಂದ. ಬಂಡೆಯ ಮೇಲೆ ಎರಡು ಕಲ್ಲಿದ್ದವು. ಪಕ್ಕದಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ಅವಳಿಗೆ ಇವನ ಗುರುತು ಸಿಗಲಿಲ್ಲ.

"ಒಳಗೆ ಹೋಗುತ್ತೀರಾ ಅಣ್ಣಾ? ಹೋದರೆ ಇಬ್ಬರನ್ನು ನೋಡಿಕೊಂಡು ಹೋಗಿ" ಎಂದಳು.

ಗುರುಗಳು ನಿಲ್ಲಿಸಿದರು. ಕಾವಲುಗಾರ ಬರಲೇ ಇಲ್ಲವೇ ಎಂದು ಮುದ್ದಪ್ಪ ಕೇಳಿದ. ಕೆಲವು ಸಲ ಹೇಳುವಾಗ ಬರುತ್ತಾನೆ, ಇವತ್ತು ಬರಲಿಲ್ಲ ಎಂದರು ಗುರುಗಳು.

ಮುದ್ದಪ್ಪನಿಗೆ ಸಮಾಧಾನವಾಗಲಿಲ್ಲ. ವ್ಯಾಪಾರಿ ಎಲ್ಲರನ್ನೂ ಎಲ್ಲವನ್ನೂ ಕೇಳಿಕೊಂಡೇ ಹೊರಟಿದ್ದ, ಅವನು ಮರೆತದ್ದಾದರೂ ಏನು ಎಂದು ವಾದಕ್ಕೆ ಕೂತ.

"ಅದಿರಲಿ ತಮ್ಮಾ, ಅಷ್ಟು ಚೆಂದದ ಗಂಟು ಕಟ್ಟಿಕೊಂಡು ಇಲ್ಲಿಗೆ ಹೊರಟೆಯಲ್ಲ, ಮನೆಯಲ್ಲಿ ಯಾರಿಗೆ ಹೇಳಿ ಬಂದೆ?"