ಕಾಟಯ್ಯನು ಕೋಳಿಗಳ ಕರುಳು ಕಾಯ್ದದ್ದು

ಕೇಳಿರಿ. ದೈವವು ಓಬಮ್ಮನಿಗೆ ಎರಡನ್ನು ದಯಪಾಲಿಸಿತ್ತು: ಸಾವಿರ ಬ್ರಾಯ್ಲರ್ ಕೋಳಿ ಹಿಡಿಯುವ ಶೆಡ್ಡು; ಹೇಳಿದ ಮಾತನ್ನು ಎಂದೂ ಮೀರದ, ಮೂವತ್ತು ದಾಟಿದ ಮಗ ಕಾಟಯ್ಯ. ಮರಿ ಕೊಡುವ ಕಂಪನಿಯವರು ಖಂಡಿತವಾಗಿ ನುಡಿದಿದ್ದರು: "ಕೋಳಿಗಳ ಹಿಕ್ಕೆ ನೀರಾಗಿದೆ. ಶನಿವಾರ ಬರ್ತೀವಿ. ಗಟ್ಟಿಯಾಗಿರದಿದ್ರೆ ಮುಂದಿನ ಮರಿ ಇಲ್ಲ!"

ಓಬಮ್ಮ ಮಗನನ್ನು ಪಶುವೈದ್ಯರಲ್ಲಿಗೆ ಅಟ್ಟಿದಳು.

"ಸೋಯಾ ಹಿಂಡಿ ಅತಿಯಾಗಿ, ಅರಗದೆ ಕರುಳಲ್ಲಿ ಕೊಳೀತಿದೆಯಪ್ಪ," ಎಂದರು ವೈದ್ಯರು. "ಹಿಂಡಿ ತಗ್ಗಿಸು. ಆ ಕೊರತೆ ತುಂಬೋಕೆ ಈ ಅಮೈನೋ ಆಮ್ಲದ ಪುಡಿ. ಕೋಳಿಗಳ ಮುಂದಿಡು."

ಕಾಟಯ್ಯ ಪೊಟ್ಟಣವನ್ನು ಬಿಚ್ಚದೆ ಕೋಳಿಗಳ ಮುಂದಿಟ್ಟು, ಕೈಕಟ್ಟಿ ನಿಂತ. ಕೋಳಿಗಳೂ ನಿಂತವು.

"ಅಯ್ಯೋ ಮಂಕೇ! ಹರೀಬೇಕು, ತಟ್ಟೆಗೆ ಸುರೀಬೇಕು, ಎರಡೂ ಕೈಲಿ ಕಲಸಬೇಕು!" ಎಂದು ಬೈದಳು ಓಬಮ್ಮ.

"ಆಗಲಿ ಬಿಡವ್ವ."

ಮರುದಿನ ಶೆಡ್ಡಿನ ನೆಲಕ್ಕೆ ಹಾಸಲು ಭತ್ತದ ಹೊಟ್ಟು ಬಂದಿತು. ಕಾಟಯ್ಯ ಮೂಟೆ ಹರಿದ, ತಟ್ಟೆಗೆ ಸುರಿದ, ಎರಡೂ ಕೈಲಿ ಕಲಸಿದ. ಕೋಳಿಗಳು ತಿಂದು, ಕೊಕ್ಕು ತೆರೆದು ಕುಳಿತವು.

"ನಿನ್ನ ತಲೆಯೊಳಗೂ ಹೊಟ್ಟೇ ತುಂಬಿದೆಯೇನೋ? ಕೋಳಿ ಕಾಲಡಿಗೆ ಹರಡಬೇಕು ಕಣೋ!"

"ಆಗಲಿ ಬಿಡವ್ವ."

ಮೂರನೆಯ ದಿನ, ಹಿಂಡಿ ತಗ್ಗಿಸಿ ಪುಡಿ ಬೆರೆಸಿದ ಹೊಸ ಆಹಾರ ಬಂದಿತು. ಕಾಟಯ್ಯ ಅದನ್ನು ಕೋಳಿಗಳ ಕಾಲಡಿಗೆ ಹರಡಿದ. ಕುಡಿಯುವ ನೀರು ಚೆಲ್ಲಿ ಎಲ್ಲವೂ ರೊಚ್ಚೆಯಾಯಿತು.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೀಯ! ಒದ್ದೆಯಾಗಿದ್ದು ಕಂಡರೆ ಹೊತ್ತುಕೊಂಡು ಹೋಗಿ ಬಂಡೆ ಮೇಲೆ ಹಾಕೋ! ಗಟ್ಟಿಯಾಗೋವರೆಗೂ ಹೊರಳಿಸೋ!"

"ಆಗಲಿ ಬಿಡವ್ವ."

ಶನಿವಾರ ಕಂಪನಿಯ ಮೇಲ್ವಿಚಾರಕರು ದಯಮಾಡಿಸಿದರು. ಬಾಗಿ ಹಿಕ್ಕೆಯನ್ನು ಕಡ್ಡಿಯಿಂದ ಒತ್ತಿದರು. ಕಡ್ಡಿ ಮುರಿಯಿತು.

"ಭೇಷ್ ಓಬಮ್ಮ! ಹುಣಸೆಬೀಜದ ಹಾಗಿದೆ! ಅಮೈನೋ ಆಮ್ಲ ಅಂದರೆ ಸುಮ್ಮನೆಯೇ? ಸಾವಿರ ಮರಿ ನಿಮ್ಮದೇ!"

ಓಬಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಮಗನನ್ನು ಹೆಮ್ಮೆಯಿಂದ ನೋಡಿದಳು. ಮೇಲ್ವಿಚಾರಕರು ಪ್ರೀತಿಯುಕ್ಕಿ ಒಂದು ಕೋಳಿಯನ್ನು ಎದೆಗೆತ್ತಿಕೊಂಡರು. ಅದು ಶಾಸ್ತ್ರವನ್ನೂ ಸಮಯವನ್ನೂ ಲೆಕ್ಕಿಸದೆ ಅವರ ಬಿಳಿ ಅಂಗಿಯ ಮೇಲೆ ನೀರಾಗಿ ಹರಿಸಿಬಿಟ್ಟಿತು.

"ಅವ್ವಾ, ಸಾಹೇಬರು ಒದ್ದೆಯಾದರು!" ಎಂದವನೇ ಕಾಟಯ್ಯ ಅವರನ್ನು ಹೆಗಲಿಗೇರಿಸಿ ಬಂಡೆಯತ್ತ ಓಡಿದ.

"ಇಳಿಸೋ, ಪಾಪಿ! ಮರಿ ಹೋಗುತ್ತೆ ಕಣೋ!"

"ಮಧ್ಯಾಹ್ನದೊಳಗೆ ಗಟ್ಟಿ ಮಾಡ್ತೀನವ್ವ!" ಸಾಹೇಬರನ್ನು ಬಿಸಿಲಿಗೆ ಹೊರಳಿಸುತ್ತ ಕಾಟಯ್ಯ ಕೂಗಿದ. "ಶೆಡ್ಡಿನ ಹಿಕ್ಕೆಯಷ್ಟನ್ನೂ ಇಲ್ಲೇ ಒಣಗಿಸಿ ಮತ್ತೆ ಒಳಗೆ ಹರಡಲಿಲ್ವೇ!"