ಒಂದು ಬೆರಳಿನ ತಪ್ಪು

"ಗುರುಗಳೇ, ಹಾಡನ್ನು ಎಲ್ಲಿ ಕೊಳ್ಳಬೇಕು, ಹೇಗೆ ಇಟ್ಟುಕೊಳ್ಳಬೇಕು?" ಎಂದು ಶಿಷ್ಯ ಶೇಷಾದ್ರಿ ಕೇಳಿದ.

ಅವನ ಕೈಯಲ್ಲಿ ಹಾಡು ಕೇಳುವ, ಬೆಂಕಿಪೊಟ್ಟಣದಷ್ಟು ಪುಟ್ಟ ಪ್ಲೇಯರ್ ಇತ್ತು. ಹದಿನೈದು ದಿನದಿಂದ ಅವನಿಗೆ ಅದೇ ಯೋಚನೆ. ಒಂದು ಅಂಗಡಿಯ ಹಾಡು ಆ ಅಂಗಡಿಯವರ ಯಂತ್ರದಲ್ಲಿ ಮಾತ್ರ ಹಾಡುತ್ತದೆ. ಇನ್ನೊಂದರ ಹಾಡು ಎಲ್ಲದರಲ್ಲೂ ಹಾಡುತ್ತದೆ, ಆದರೆ ಬೇಕಾದದ್ದು ಅಲ್ಲಿ ಸಿಗುವುದಿಲ್ಲ. ಮೂರನೆಯವರು ತಿಂಗಳ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ನಿಂತ ದಿನ ಹಾಡೂ ನಿಲ್ಲುತ್ತದೆ.

ಗುರುಗಳು "ಕುಳಿತುಕೋ" ಎಂದರು. ಅವನು ಕುಳಿತ ಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೆಸರು ಕೆತ್ತದ ಪಾತ್ರೆಯನ್ನು ಅವನು ಅಂಗಡಿಯಿಂದ ಆಚೆ ಬಿಡುತ್ತಿರಲಿಲ್ಲ. ಒಂದು ಲೋಟವಾದರೂ ಸರಿ, ಕೊಂಡವರ ಹೆಸರು, ಊರು, ತಾರೀಖು ಕೆತ್ತಿಯೇ ಕೊಡಬೇಕು. ಹೆಸರಿಲ್ಲದ ಪಾತ್ರೆ ನಾಲ್ಕು ಮದುವೆ ಸುತ್ತುವುದರೊಳಗೆ ಕಳೆದುಹೋಗುತ್ತದೆ ಎನ್ನುತ್ತಿದ್ದ. ಅದು ನಿಜವೂ ಹೌದು.

ಮಧ್ಯಾಹ್ನ ಊಟದ ನಂತರ ಅಂಗಡಿಗೆ ಅರ್ಧ ಬಾಗಿಲು. ಆ ಒಂದು ಗಂಟೆ ಅವನೂ ಅವನ ಹೆಂಡತಿಯೂ ಒಂದೇ ಪ್ಲೇಯರಿನಲ್ಲಿ ಹಾಡು ಕೇಳುತ್ತಿದ್ದರು. ಇಯರ್‌ಫೋನ್ ತಂತಿಯ ಒಂದು ತುದಿ ಅವನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಅವಳು ಅವನ ಅಂಗೈ ಮೇಲೆ ತಾಳ ಹಾಕುತ್ತಿದ್ದಳು: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಇಬ್ಬರೂ ಬಹಳ ಇಷ್ಟಪಡುತ್ತಿದ್ದ ಒಂದು ದೇವರನಾಮವಿತ್ತು. ಅದರ ಎರಡನೆಯ ಚರಣ ಬಂದಾಗ ಅವಳು ಪ್ರತಿಸಲ ನಡುಬೆರಳನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದಳು.

"ಓಡಿದೆ ನೋಡು!" ಎಂದು ಅವನು ಗದರುತ್ತಿದ್ದ.

"ಹಾಡು ನಿಧಾನವಾದರೆ ನಾನೇನು ಮಾಡ್ಲಿ?" ಎಂದು ಅವಳು ಹೇಳುತ್ತಿದ್ದಳು.

ವರ್ಷಗಟ್ಟಲೆ ಪಾತ್ರೆಗಳ ಸದ್ದಿನಲ್ಲಿ ಕುಳಿತವನ ಕಿವಿ ಮಂದವಾಯಿತು. ವೈದ್ಯರು ಪರೀಕ್ಷಿಸಿ, ಇನ್ನೊಂದು ವರ್ಷ ಕೇಳಿಸಬಹುದು, ಆಮೇಲಿನದು ಹೇಳಲಾಗದು ಎಂದರು.

ಇರುವ ವರ್ಷವನ್ನು ಹಾಡು ಕೇಳಿಯೇ ಕಳೆಯಬೇಕೆಂದು ವ್ಯಾಪಾರಿ ನಿಶ್ಚಯಿಸಿದ. ಅದಕ್ಕೆ ಮೊದಲು ಎಲ್ಲವೂ ಕ್ರಮವಾಗಿರಬೇಕು. ಹೊಸದೊಂದು ಪ್ಲೇಯರ್ ತಂದ. ಮೊದಲು ಒಂದು ಅಂಗಡಿಯಲ್ಲಿ ಕೊಂಡಿದ್ದ ಹಾಡುಗಳು ಅದಕ್ಕೆ ಹೋಗಲಿಲ್ಲ. ಅವನ್ನೇ ಇನ್ನೊಂದು ಅಂಗಡಿಯಲ್ಲಿ ಮತ್ತೆ ಕೊಂಡ. ಯಾರೋ ಪುಕ್ಕಟೆ ನಕಲು ಮಾಡಿಕೊಡಲು ಬಂದರು. ಕದ್ದದ್ದು ಬೇಡ ಎಂದ. ಅಲ್ಲಿ ಅವನದು ತಪ್ಪಿಲ್ಲ. ಆದರೆ ಬಂದ ಹಾಡುಗಳಿಗೆ ಸರಿಯಾದ ಹೆಸರೇ ಇರಲಿಲ್ಲ. ಕೆಲವಕ್ಕೆ ಬರೀ ಅಂಕಿ. ಅವನಿಗೆ ಸಹಿಸಲಾಗಲಿಲ್ಲ. ಪ್ರತಿ ಹಾಡಿಗೂ ರಾಗ, ತಾಳ, ಹಾಡಿದವರು, ವರ್ಷ, ಹೀಗೆ ಬರೆಯತೊಡಗಿದ. ಮಧ್ಯಾಹ್ನದ ಗಂಟೆ ಅದಕ್ಕೇ ಹೋಯಿತು.

ಹೆಂಡತಿ ತಂತಿಯ ತನ್ನ ತುದಿ ಹಿಡಿದು ಬಂದು ನಿಂತಳು. "ಒಂದೇ ಒಂದು ಹಾಡು ಕೇಳೋಣ ಬನ್ನಿ ಅಂದ್ರೆ."

"ಇನ್ನು ಸ್ವಲ್ಪ ಇದೆ ಕಣೇ. ಮುಗಿದ ಮೇಲೆ ಒಂದನ್ನೂ ಬಿಡದೆ ಕೇಳೋಣ."

"ನೀವು ಪಾತ್ರೆಗೆ ಹೆಸರು ಕೆತ್ತೋ ಹೊತ್ತಿಗೆ ಅನ್ನ ಸೀದು ಹೋಗತ್ತೆ, ನೋಡ್ತಿರಿ."

ಅವನು ನಕ್ಕ. ಅವಳೂ ನಕ್ಕಳು. ತಂತಿ ಸುತ್ತಿಟ್ಟು ಒಳಗೆ ಹೋದಳು.

ಕೆಲಸ ಹತ್ತು ತಿಂಗಳು ಹಿಡಿಯಿತು. ಕೊನೆಯ ಹಾಡಿಗೆ ಹೆಸರು ಬರೆದ ದಿನ ಅವನೇ ಹೆಂಡತಿಯನ್ನು ಕರೆದ. ತಂತಿಯನ್ನು ಕಿವಿಗಿಟ್ಟುಕೊಂಡು ಗುಂಡಿ ಒತ್ತಿದ. ಇನ್ನೊಮ್ಮೆ ಒತ್ತಿದ. ಪ್ಲೇಯರ್ ಕೆಟ್ಟಿದೆ ಎಂದ.

ಅವಳ ಕಿವಿಯಲ್ಲಿ ಹಾಡು ಸ್ಪಷ್ಟವಾಗಿ ಬರುತ್ತಿತ್ತು. ಆ ಹತ್ತು ತಿಂಗಳಲ್ಲಿ ಅವನು ತನಗೇ ತಿಳಿಯದೆ ಎದುರಿನವರ ತುಟಿ ನೋಡಿ ಮಾತು ಗ್ರಹಿಸುವುದನ್ನು ಕಲಿತಿದ್ದ. ಪ್ಲೇಯರಿಗೆ ತುಟಿಯಿರಲಿಲ್ಲ.

ಅವಳು ಅವನ ಕೈ ಎಳೆದುಕೊಂಡು, ಅಂಗೈ ಬಿಡಿಸಿ, ತಾಳ ಹಾಕತೊಡಗಿದಳು. ಯಾವ ಹಾಡೆಂದು ಅವನಿಗೆ ತಿಳಿಯಲಿಲ್ಲ. ಎರಡು ಸಾವಿರ ಹಾಡುಗಳಲ್ಲಿ ಈ ತಾಳದವೇ ಒಂಬೈನೂರು, ಅವನೇ ಬರೆದಿದ್ದ. ಕಣ್ಣು ಮುಚ್ಚಿ ಕುಳಿತ. ಒಂದು ತಟ್ಟು, ಮೂರು ಬೆರಳು. ಮತ್ತೆ ಒಂದು ತಟ್ಟು, ಮೂರು ಬೆರಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಡೆ ನಡುಬೆರಳು ಬರಲಿಲ್ಲ.

"ಓಡಿದೆ ನೋಡು!" ಎಂದ ವ್ಯಾಪಾರಿ.

ಆಮೇಲೆ ಆ ಚರಣವನ್ನು ತಾನೇ ಹಾಡಿದ. ಶ್ರುತಿ ಎಲ್ಲಿಯೋ ಇತ್ತು. ಅವಳು ತನ್ನ ಕಿವಿಯಿಂದ ತಂತಿಯನ್ನು ತೆಗೆದಿಟ್ಟು, ಅವನು ಹಾಡುವುದನ್ನು ಕೇಳಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಕತೆ ತಿಳಿಯಿತು ಗುರುಗಳೇ. ಆದರೆ ಯಾವ ಅಂಗಡಿ ಎಂದು ತಾವು ಹೇಳಲೇ ಇಲ್ಲ" ಎಂದ.

ಗುರುಗಳು ಕೇಳಿದರು: "ಆ ಬಿಟ್ಟುಹೋದ ಬೆರಳನ್ನು ಅವನು ಯಾವ ಅಂಗಡಿಯಲ್ಲಿ ಕೊಂಡಿದ್ದ, ಶೇಷಾದ್ರಿ?"